ಬಲಕ್ಕೆ ತಿರುಗಿದ ಬಾಲ

"ನೋಡಬಹುದು, ಮುಟ್ಟಬಾರದು ಅಂತ ಮೊದಲೇ ಹೇಳಿದ್ದೆ ಡಾಕ್ಟ್ರೇ," ಎಂದು ಇನ್ಸ್‌ಪೆಕ್ಟರ್ ಬಾಗಿಲ ಬಳಿಯಿಂದಲೇ ಗೊಣಗಿದ.

"ಮುಟ್ಟದೆ ನೋಡೋಕೆ ಇದೇನು ಒಡವೆ ಅಂಗಡೀನಾ? ದೀಪ ಈ ಕಡೆ ಬಗ್ಗಿಸಿ."

ಇನ್ಸ್‌ಪೆಕ್ಟರ್ ಬಗ್ಗಿಸಿದ. ಠಾಣೆಯಲ್ಲಿ ಎಲ್ಲರನ್ನೂ ಓಡಾಡಿಸುವ ಆಸಾಮಿ. ಬೆನ್ನ ಹಿಂದೆ ಅವನಿಗೆ ಗಡಿಬಿಡಿ ಎಂದೇ ಹೆಸರು. ಆದರೆ ಶವಾಗಾರದ ವಾಸನೆ ಮೂಗಿಗೆ ಬಡಿದರೆ ಸಾಕು, ಅವನ ಗಡಿಬಿಡಿಯೆಲ್ಲ ಅಡಗಿಹೋಗುತ್ತಿತ್ತು. ಮೂಗಿಗೆ ಕರವಸ್ತ್ರ ಒತ್ತಿ ಹಿಡಿದು, ಕಣ್ಣು ಗೋಡೆಯ ಮೇಲಿಟ್ಟು ನಿಂತ.

ಮೇಜಿನ ಮೇಲೆ ಮಲಗಿದ್ದವನು ಸಂಗ್ರಹಾಲಯದ ನಿರ್ದೇಶಕ. ಅವನನ್ನು ಕೊಂದ ಆರೋಪದ ಮೇಲೆ ನಿನ್ನೆಯಿಂದ ಲಾಕಪ್ಪಿನಲ್ಲಿದ್ದವನು ಅಲ್ಲಿನ ಹಳೆಯ ಆಯುಧಗಳನ್ನು ನೋಡಿಕೊಳ್ಳುವವನು, ಡಾಕ್ಟರಮ್ಮನ ಒಡಹುಟ್ಟಿದ ತಮ್ಮ.

ಸಂಜೆಯೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಆಮೇಲೆ ಜೈಲು. ಜೈಲಿನ ಬಾಗಿಲು ಒಳಗೆ ಹೋಗುವಾಗ ತೆರೆದಷ್ಟು ಸುಲಭವಾಗಿ ಹೊರಗೆ ಬರುವಾಗ ತೆರೆಯುವುದಿಲ್ಲ ಎಂಬುದನ್ನು ಡಾಕ್ಟರಮ್ಮ ತನ್ನ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದಳು. ಅದಕ್ಕೇ ಬೆಳಿಗ್ಗೆಯಿಂದ ಇನ್ಸ್‌ಪೆಕ್ಟರನ ಪ್ರಾಣ ತಿಂದು ಇಲ್ಲಿಗೆ ಬಂದಿದ್ದಳು. ಕೊಲೆ ಆರೋಪಿಯ ಅಕ್ಕ ಪೋಸ್ಟ್‌ಮಾರ್ಟಂ ಮಾಡುವಂತಿಲ್ಲ. ಮಾಡಿದವನು ಅವಳ ಜೊತೆಯ ಡಾಕ್ಟರ್. ಅವನು ಒಳ್ಳೆಯವನು. ಗಾಯಕ್ಕೆ ಹೊಲಿಗೆ ಹಾಕದೆ ಹಾಗೇ ಬಿಟ್ಟು, "ನಾನು ಟೀ ಕುಡಿದು ಬರ್ತೀನಿ, ನಾನೇನೂ ನೋಡಿಲ್ಲ" ಎಂದು ಹೊರಗೆ ಹೋಗಿದ್ದ.

ಎದೆಯ ಎಡಭಾಗದಲ್ಲಿ ಒಂದೇ ಒಂದು ಗಾಯ. ಆದರೆ ಎಂಥ ಗಾಯ! ಇಷ್ಟು ವರ್ಷದಲ್ಲಿ ಚಾಕು, ಮಚ್ಚು, ಕತ್ತರಿ, ಗಾಜಿನ ಚೂರು ಎಲ್ಲದರ ಕೈಚಳಕ ನೋಡಿದ್ದ ಡಾಕ್ಟರಮ್ಮನಿಗೂ ಇಂಥದ್ದು ಹೊಸದು. ಗಾಯದ ತುಟಿಗಳು ನೆಟ್ಟಗಿರಲಿಲ್ಲ. ಮೇಲಿನಿಂದ ಕೆಳಕ್ಕೆ ಅಲೆ ಅಲೆಯಾಗಿ ಇಳಿದಿದ್ದವು. ಮೊದಲನೆಯ ಅಲೆ ದೊಡ್ಡದು, ಎರಡನೆಯದು ಸಣ್ಣದು, ಮೂರನೆಯದು ಇನ್ನೂ ಸಣ್ಣದು. ಕೆಳತುದಿಯಲ್ಲಿ ಬಲಕ್ಕೆ ತಿರುಗಿದ ಪುಟ್ಟದೊಂದು ಬಾಲ.

"ಇನ್ನೇನು ಬೇಕು ಹೇಳಿ," ಎಂದ ಇನ್ಸ್‌ಪೆಕ್ಟರ್. "ಗಾಜಿನ ಕಪಾಟಿನಲ್ಲಿ ಹಾವಿನ ಹಾಗೆ ಬಳುಕಿದ ಅಲಗಿನ ಕಠಾರಿ. ಅದರ ಮೇಲೆ ಈತನ ರಕ್ತ. ಕಪಾಟಿನ ಬೀಗದ ಕೈ ನಿಮ್ಮ ತಮ್ಮನ ಹತ್ರ. ಕಳ್ಳತನ ಮಾಡಿದ ಅಂತ ಹೋದ ವಾರ ಇದೇ ಮನುಷ್ಯ ಅವನ ಮೇಲೆ ಗೂಬೆ ಕೂರಿಸಿದ್ದ. ಸಾಲದು ಅಂತ ಮೇಷ್ಟ್ರು ಫೋಟೋ ನೋಡಿ ಬರೆದುಕೊಟ್ಟಿದ್ದಾರೆ. ಅಲೆಯಲಗಿನ ಆಯುಧ, ಅನುಮಾನವೇ ಇಲ್ಲ ಅಂತ."

ಮೇಷ್ಟ್ರು ಎಂದರೆ ಡಾಕ್ಟರಮ್ಮನಿಗೆ ಗಾಯಗಳ ಪಾಠ ಹೇಳಿಕೊಟ್ಟವರು. ನಿವೃತ್ತರಾದರೂ ಆಯುಧ ವಿಚಿತ್ರವಾಗಿದ್ದರೆ ಪೊಲೀಸರು ಇವತ್ತಿಗೂ ಅವರ ಮನೆಯ ಬಾಗಿಲನ್ನೇ ತಟ್ಟುತ್ತಿದ್ದರು.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಗಾಯದ ತುಟಿಯ ಅಂಚನ್ನೇ ನೋಡಿದಳು. ಅಂಚು ಬಿಳಚಿಕೊಂಡಿತ್ತು. ಮೆಲ್ಲಗೆ ತುಟಿಗಳನ್ನು ಅಗಲಿಸಿ ಒಳಗೆ ನೋಡಿದಳು. ಮತ್ತೆ ಹೊರಗೆ ನೋಡಿದಳು.

"ಇನ್ಸ್‌ಪೆಕ್ಟ್ರೇ, ಇಲ್ಲಿ ಬನ್ನಿ."

"ಇಲ್ಲಿಂದಲೇ ಕೇಳಿಸುತ್ತೆ."

"ಕೇಳಿಸಿಕೊಳ್ಳೋದಲ್ಲ, ನೋಡೋದು. ಬನ್ನಿ ಅಂದ್ರೆ ಬನ್ನಿ."

ಅವನು ಬಂದ. ಬಂದ ತಪ್ಪಿಗೆ ಬಗ್ಗಿಯೂ ನೋಡಬೇಕಾಯಿತು.

"ಒಳಗಿನ ಮಾಂಸ ಹೇಗೆ ಕೆಂಪಾಗಿದೆ? ರಕ್ತ ಹೀರಿಕೊಂಡಿದೆ. ಅಂದ್ರೆ ಅಲ್ಲಿ ಕೊಯ್ಯುವಾಗ ಮನುಷ್ಯ ಬದುಕಿದ್ದ. ಈಗ ಮೇಲಿನ ಅಲೆ ನೋಡಿ. ಬಿಳಿ. ಸತ್ತ ಮೇಲೆ ಕೊಯ್ದರೆ ಚರ್ಮ ರಕ್ತ ಹೀರಲ್ಲ."

"ಅಂದ್ರೆ?"

"ಅಂದ್ರೆ ಗಾಯ ಒಂದಲ್ಲ, ಎರಡು. ಮೊದಲನೆಯದು ಒಳಗೆ ಹೋಗಿರೋದು. ಅದು ನೆಟ್ಟಗೆ ಗೀಟು ಎಳೆದ ಹಾಗಿದೆ. ಒಂದು ತುದಿ ಚೂಪು, ಇನ್ನೊಂದು ತುದಿ ಚೌಕ. ಒಂದೇ ಕಡೆ ಹರಿತ ಇರೋ ಸಣ್ಣ ಚಾಕು. ನಿಮ್ಮ ಕಠಾರಿಗೆ ಎರಡೂ ಕಡೆ ಹರಿತ. ಆಮೇಲೆ ಯಾರೋ ನಿಧಾನವಾಗಿ ಕೂತು, ಚರ್ಮದ ಮೇಲೆ ಮಾತ್ರ ಅಲೆ ಕೆತ್ತಿದ್ದಾರೆ."

ಇನ್ಸ್‌ಪೆಕ್ಟರ್ ಕರವಸ್ತ್ರ ಕೆಳಗಿಳಿಸಿದ. "ತಮ್ಮ ಅನ್ನೋ ಕರುಳು ಮಾತಾಡಿಸ್ತಾ ಇದೆಯೋ, ಇಲ್ಲ..."

"ಕರುಳಿನ ವಿಷಯ ನಾನು ಹೊಟ್ಟೆ ಕೊಯ್ಯುವಾಗ ಮಾತ್ರ ಮಾತಾಡ್ತೀನಿ. ತಡೀರಿ."

ಗಾಯಗಳ ಅಚ್ಚು ತೆಗೆಯಲು ಇಟ್ಟಿದ್ದ ಮೇಣದ ಗಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿದಳು. ಕಸದ ಬುಟ್ಟಿಯಿಂದ ಹಳೆಯ ಎಕ್ಸ್‌ರೇ ಫಿಲ್ಮೊಂದನ್ನು ತೆಗೆದು, ಕತ್ತರಿಯಿಂದ ಬಳುಕು ಅಲಗಿನ ಆಕಾರಕ್ಕೆ ಕತ್ತರಿಸಿದಳು. ಕತ್ತರಿಸಿದ ಚೆಂದವನ್ನು ಹೇಳುವಂತಿರಲಿಲ್ಲ. ಚಿತ್ರಕಲೆಗೂ ಡಾಕ್ಟರಮ್ಮನಿಗೂ ಹುಟ್ಟಿನಿಂದ ಎಣ್ಣೆ ಸೀಗೆಕಾಯಿ.

"ಇದು ನಿಮ್ಮ ಕಠಾರಿ ಅಂದ್ಕೊಳ್ಳಿ. ಚುಚ್ಚಿ."

ಇನ್ಸ್‌ಪೆಕ್ಟರ್ ಚುಚ್ಚಿದ. ಫಿಲ್ಮಿನ ಚೂರು ಮೇಣದಲ್ಲಿ ಇಳಿಯಿತು. ಎಳೆದು ತೆಗೆದು ನೋಡಿದ. ಮೇಣದ ಮೇಲೆ ಉಳಿದದ್ದು ಒಂದು ನೆಟ್ಟನೆಯ ಸೀಳು.

"ಅಲೆ ಎಲ್ಲಿ ಹೋಯ್ತು?" ಎಂದ, ಯಾರೋ ತನ್ನ ಜೇಬಿಗೆ ಕತ್ತರಿ ಹಾಕಿದಂತೆ ಅತ್ತ ಇತ್ತ ನೋಡುತ್ತಾ.

"ಎಲ್ಲೂ ಹೋಗಿಲ್ಲ, ಇರಲೇ ಇಲ್ಲ. ಅಲಗು ಬಳುಕಿರೋದು ಅಡ್ಡಡ್ಡಕ್ಕೆ. ಒಳಗೆ ಇಳೀತಾ ಸೀಳನ್ನ ಅಗಲ ಮಾಡುತ್ತೆ ಅಷ್ಟೆ, ವಕ್ರ ಮಾಡಲ್ಲ. ಅಲೆಯ ಕತ್ತಿ ಅಲೆಯ ಗಾಯ ಮಾಡುತ್ತೆ ಅನ್ನೋದು ಶುದ್ಧ ಸುಳ್ಳು."

"ಆದ್ರೆ ಮೇಷ್ಟ್ರು ನಮಗೆ ಟ್ರೈನಿಂಗಿನಲ್ಲಿ..." ಎಂದವನು ಅರ್ಧಕ್ಕೇ ನಿಲ್ಲಿಸಿದ.

"ಬೋರ್ಡಿನ ಮೇಲೆ ಬರೆದಿದ್ರು ಅಲ್ವಾ? ಮೂರು ಅಲೆ, ದೊಡ್ಡದು, ಸಣ್ಣದು, ಇನ್ನೂ ಸಣ್ಣದು, ಕೊನೆಗೆ ಒಂದು ಬಾಲ. ನಮಗೂ ಅದನ್ನೇ ಬರೆದಿದ್ರು. ಯಾವ ಪುಸ್ತಕದಲ್ಲೂ ಆ ಚಿತ್ರ ಇಲ್ಲ. ಅದು ಮೇಷ್ಟ್ರ ಸ್ವಂತ ಆಸ್ತಿ. ನಾನು ಹಂದಿಯ ಚರ್ಮದ ಮೇಲೆ ಪ್ರಯೋಗ ಮಾಡಿ ತಪ್ಪು ಅಂತ ತೋರಿಸಿದಾಗ ಕೈಯಲ್ಲಿದ್ದ ಡಸ್ಟರನ್ನ ನನ್ನ ಕಡೆಗೇ ಬೀಸಿದ್ರು."

ಇನ್ಸ್‌ಪೆಕ್ಟರ್ ನಿಧಾನವಾಗಿ ತಲೆಯಾಡಿಸಿದ. ಗಡಿಬಿಡಿಯ ಮನುಷ್ಯ, ಆದರೆ ದಡ್ಡನಲ್ಲ. "ಅಂದ್ರೆ ಇದನ್ನ ಕೆತ್ತಿದವನು ಮೇಷ್ಟ್ರ ಪಾಠ ಕೇಳಿದವನು."

"ಹೂಂ. ಕತ್ತಿ ಕಠಾರಿಗಳ ನಡುವೆಯೇ ಬದುಕೋ ನನ್ನ ತಮ್ಮ ಇಂಥ ಪೆದ್ದುತನ ಮಾಡ್ತಾನಾ? ಅವನಿಗೆ ನಿದ್ದೆಯಲ್ಲಿ ಕೇಳಿದ್ರೂ ಯಾವ ಅಲಗು ಎಂಥ ಗುರುತು ಬಿಡುತ್ತೆ ಅಂತ ಹೇಳ್ತಾನೆ. ಆ ಕ್ಲಾಸಿಗೂ ಅವನಿಗೂ ಏನು ಸಂಬಂಧ? ನಿಮಗಾದ್ರೂ ಸಂಬಂಧ ಇದೆ."

"ಒಳ್ಳೇ ಕತೆಯಾಯ್ತಲ್ಲ, ನನ್ನ ಕಾಲಿಗೇ ಸುತ್ತಿದ್ರಿ!"

ಇಬ್ಬರೂ ನಕ್ಕರು. ಹೆಣದ ಮುಂದೆ ನಗಬಾರದು, ನಿಜ. ಆದರೆ ನಿನ್ನೆಯಿಂದ ಹೊತ್ತಿದ್ದ ಭಾರ ಇಳಿದಾಗ ಮನುಷ್ಯರಿಗೆ ಜಾಗದ ಪರಿವೆ ಇರುವುದಿಲ್ಲ. ಡಾಕ್ಟರಮ್ಮನ ಕಣ್ಣಲ್ಲಿ ನೀರೇ ಬಂತು. ಮೊಣಕೈಯಿಂದ ಒರೆಸಿಕೊಂಡಳು.

ಹೊರಗಿನ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಮೇಷ್ಟ್ರಿಗೆ ಫೋನು ಮಾಡಿ, ಡಾಕ್ಟರಮ್ಮನಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟ. ಮೇಷ್ಟ್ರು ಮೊದಲು ರೇಗಿದರು. ಆಮೇಲೆ ಕೆಮ್ಮಿದರು. ಬಿಳಿಯ ಅಂಚು, ಒಳಗಿನ ನೆಟ್ಟನೆಯ ಸೀಳು, ಚೌಕ ತುದಿ ಎಲ್ಲವನ್ನೂ ಡಾಕ್ಟರಮ್ಮ ಒಂದೊಂದಾಗಿ ಹೇಳಿದ ಮೇಲೆ ಆ ಕಡೆ ಫೋಟೋಗಳನ್ನು ಮಗುಚುವ ಸದ್ದು ಕೇಳಿಸಿತು.

"ಫೋಟೋದಲ್ಲಿ ಅಂಚಿನ ಬಣ್ಣ ಗೊತ್ತಾಗಲಿಲ್ಲಮ್ಮ," ಎಂದರು ಕೊನೆಗೆ. ದನಿ ಕುಗ್ಗಿತ್ತು. "ಆ ಚಿತ್ರ ತಪ್ಪು ಅಂತ ನೀನು ತೋರಿಸಿದ ದಿನವೇ ನನಗೆ ಗೊತ್ತಾಗಿತ್ತು. ಹುಡುಗಿಯ ಮುಂದೆ ಸೋಲೋದು ಹೇಗೆ ಅಂತ ಸುಮ್ಮನಿದ್ದೆ. ನನ್ನ ಅಭಿಪ್ರಾಯ ವಾಪಸ್ ತಗೊಳ್ತೀನಿ. ಬರೆದುಕೊಡ್ತೀನಿ."

ಡಾಕ್ಟರಮ್ಮನಿಗೆ ಅವರ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ಇಳಿದುಹೋಯಿತು. "ಆಗಲಿ ಸರ್. ನೀವು ಇಷ್ಟು ಹೇಳಿದ್ದೇ ದೊಡ್ಡದು."

"ಒಂದು ವಿಷಯ ಮಾತ್ರ. ಕನ್ನಡಕ ಹಾಕಿಕೊಂಡು ಫೋಟೋ ಮತ್ತೆ ನೋಡ್ತಾ ಇದೀನಿ. ಇದರ ಬಾಲ ಬಲಕ್ಕಿದೆ. ನಾನು ಬೋರ್ಡಿನ ಮೇಲೆ ಬರೀತಾ ಇದ್ದದ್ದು ಎಡಕ್ಕೆ. ಯಾವಾಗಲೂ ಎಡಕ್ಕೇ. ಬಲಕ್ಕೆ ಬರೆದು ನನ್ನ ಹತ್ರ ಅಂಕ ಕಳೆದುಕೊಂಡವಳು ನೀನೊಬ್ಬಳೇ. ಚಿತ್ರ ಅಷ್ಟು ಚೆನ್ನಾಗಿ ಬರೆದು, ಬಾಲ ಮಾತ್ರ ಉಲ್ಟಾ! ನೆನಪಿದೆಯಾ?"

ಡಾಕ್ಟರಮ್ಮ ಫೋನಿನ ಕಡೆಗೆ ಕೈ ಚಾಚಿದಳು.

"ಎಡವೋ ಬಲವೋ, ನಕಲಿ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು," ಎಂದು ಇನ್ಸ್‌ಪೆಕ್ಟರ್ ಫೋನು ಕಿತ್ತುಕೊಂಡು ಜೇಬಿಗೆ ಹಾಕಿದ. ಅವನ ಗಡಿಬಿಡಿ ಮರಳಿ ಬಂದಿತ್ತು. "ನಡೀರಿ ಡಾಕ್ಟ್ರೇ, ಠಾಣೆಗೆ. ನಿಮ್ಮ ಜೊತೆಯವರು ವರದಿ ತಿದ್ದಿ ಸಹಿ ಹಾಕಲಿ. ನೀವು ಒಂದು ಹೇಳಿಕೆ ಬರೆದುಕೊಡಿ. ಕೋರ್ಟೂ ಬೇಡ ಗೀರ್ಟೂ ಬೇಡ, ನಿಮ್ಮ ತಮ್ಮನನ್ನ ಮನೆಗೆ ಕರ್ಕೊಂಡು ಹೋಗಿ."

ನೆನಪಿಲ್ಲದೆ ಏನು? ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಡಾಕ್ಟರಮ್ಮ ಅದನ್ನೇ ಮೆಲುಕು ಹಾಕಿದಳು. ಓದುವ ಕಾಲದಲ್ಲಿ ಅವಳ ಚಿತ್ರಗಳನ್ನೆಲ್ಲ ಬರೆದುಕೊಡುತ್ತಿದ್ದವನು ತಮ್ಮ. ಅವಳು ಬರೆದ ಹೃದಯ ಬದನೆಕಾಯಿಯಂತಿರುತ್ತಿತ್ತು. ಅವನು ಬರೆದದ್ದು ಈಗಲೋ ಆಗಲೋ ಮಿಡಿಯುತ್ತದೆ ಅನ್ನಿಸುತ್ತಿತ್ತು. ಅಡುಗೆಮನೆಯ ಮೇಜಿನ ಆ ಕಡೆ ಅವನು, ಈ ಕಡೆ ಅವಳು. ಕ್ಲಾಸಿನಲ್ಲಿ ನೋಡಿದ್ದನ್ನು ಅವಳು ಗಾಳಿಯಲ್ಲಿ ಬೆರಳಾಡಿಸಿ ತೋರಿಸಬೇಕು, ಅವನು ಕಾಗದದ ಮೇಲೆ ಇಳಿಸಬೇಕು. ಎದುರು ಕೂತವನಿಗೆ ಅವಳ ಎಡ ಬಲವಾಗಿ ಕಂಡಿತ್ತು. ಬಾಲ ಬಲಕ್ಕೆ ತಿರುಗಿತ್ತು. ಅಂಕ ಹೋದದ್ದಕ್ಕೆ ಅವನ ಕಿವಿ ಹಿಂಡಿದ್ದಳು. ಅವನು ನಗುತ್ತಾ, "ನೀನು ಈ ಕಡೆ ಬಂದು ಕೂತು ಹೇಳಬೇಕಿತ್ತು" ಎಂದಿದ್ದ.

ಆ ಬಾಲ ಬಲಕ್ಕೆ ತಿರುಗಿದ್ದು ಹೇಗೆ ಎಂದು ಗೊತ್ತಿದ್ದವರು ಈ ಲೋಕದಲ್ಲಿ ಇಬ್ಬರೇ. ಅವರಲ್ಲೊಬ್ಬಳು ಈ ಜೀಪಿನಲ್ಲಿ ಕೂತಿದ್ದಳು.

ಫೋನು ಬಡಿದುಕೊಂಡಿತು. ಅಮ್ಮ.

"ಊಟ ಕೊಟ್ರಂತಾ ಅವನಿಗೆ?"

"ಕೊಟ್ಟಿರ್ತಾರಮ್ಮ."

"ಕೊಟ್ಟಿರ್ತಾರೆ ಅಂದ್ರೇನು, ಕೇಳು. ಹಸಿವು ತಡೆಯಲ್ಲ ಅವನು. ನೀನು ಅಲ್ಲೇ ಇದೀಯಲ್ಲ, ನನಗೆ ಅದೇ ಧೈರ್ಯ. ಕರ್ಕೊಂಡೇ ಬಾ ಕಣೇ."

"ಕರ್ಕೊಂಡೇ ಬರ್ತೀನಮ್ಮ," ಎಂದಳು. ಬೇರೇನು ಹೇಳಲು ಬಂದೀತು?

ಠಾಣೆಯ ಒಳಕೋಣೆಯಲ್ಲಿ ತಮ್ಮ ಬೆಂಚಿನ ಮೇಲೆ ಮೊಣಕಾಲು ಜೋಡಿಸಿ ಕೂತಿದ್ದ. ತಲೆಯಲ್ಲಿ ನರೆ ಇಣುಕಿದ್ದರೂ ಅಕ್ಕನನ್ನು ಕಂಡಾಗ ಇವತ್ತಿಗೂ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸುತ್ತಿದ್ದ. ಈಗಲೂ ನಿಲ್ಲಿಸಿದ.

"ಸ್ವಲ್ಪ ಹೊತ್ತು ನಾವಿಬ್ಬರೇ ಮಾತಾಡ್ತೀವಿ," ಎಂದು ಡಾಕ್ಟರಮ್ಮ ಇನ್ಸ್‌ಪೆಕ್ಟರನಿಗೆ ಹೇಳಿದಳು.

"ಮಾತಾಡಿ ಮಾತಾಡಿ. ಅಷ್ಟರಲ್ಲಿ ಬಿಡುಗಡೆ ಕಾಗದ ಬರೆಸ್ತೀನಿ." ಬಾಗಿಲು ಎಳೆದುಕೊಂಡು ಹೋದ.

ಡಾಕ್ಟರಮ್ಮ ಎದುರಿನ ಕುರ್ಚಿಯಲ್ಲಿ ಕೂತಳು. "ನಿನ್ನನ್ನ ಬಿಡ್ತಾರಂತೆ."

ಅವನ ಮುಖ ಅರಳಲಿಲ್ಲ. ಬಣ್ಣಗೆಟ್ಟಿತು. "ಯಾಕೆ?"

ಲಾಕಪ್ಪಿನಿಂದ ಬಿಡುತ್ತಾರೆ ಎಂದರೆ ಯಾಕೆ ಎಂದು ಕೇಳುವವರನ್ನು ಡಾಕ್ಟರಮ್ಮ ಈವರೆಗೆ ಕಂಡಿರಲಿಲ್ಲ.

"ಗಾಯ ನಕಲಿ ಅಂತ ಗೊತ್ತಾಯ್ತು."

"ಯಾರು ಕಂಡುಹಿಡಿದದ್ದು?"

"ನಾನು."

ತಮ್ಮ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ನಿನ್ನನ್ನ ಒಳಗೆ ಯಾರು ಬಿಟ್ರು? ಒಡಹುಟ್ಟಿದವರ ಕೇಸಿನಲ್ಲಿ ಹೆಣದ ಹತ್ರಕ್ಕೂ ಬಿಡಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ!"

"ಬಾಲ ಬಲಕ್ಕಿತ್ತು ಕಣೋ."

ಅವನು ತಲೆ ಎತ್ತಲಿಲ್ಲ. ಗೋಡೆಯಾಚೆ ಯಾರೋ ಟೈಪು ಮಾಡುತ್ತಿದ್ದರು. ಆ ಸದ್ದು ಅವಳ ತಲೆಯೊಳಗೇ ಕುಟ್ಟಿದಂತಿತ್ತು. ಕುರ್ಚಿಯನ್ನು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು.

"ಕೊಂದೆಯಾ?"

"ಇಲ್ಲ."

"ನನ್ನ ಮುಖ ನೋಡಿ ಹೇಳು."

ಅವನು ನೋಡಿದ. "ಇಲ್ಲ ಅಕ್ಕ. ಕೆತ್ತಿದ್ದು ನಾನು. ಕಠಾರಿಗೆ ರಕ್ತ ಹಚ್ಚಿದ್ದೂ ನಾನು. ಕೊಂದದ್ದು ನಾನಲ್ಲ."

ಅವಳಿಗೆ ನಂಬಿಕೆಯಾಯಿತು. ಸುಳ್ಳು ಹೇಳುವಾಗ ಅವನ ಮೂಗಿನ ಹೊಳ್ಳೆ ಅರಳುತ್ತಿತ್ತು. ಚಿಕ್ಕಂದಿನಿಂದ ಆ ಹೊಳ್ಳೆಯನ್ನು ನಂಬಿಯೇ ಅವಳು ಅವನನ್ನು ಹಿಡಿದು ಹಾಕುತ್ತಿದ್ದಳು. ಅದು ಈಗ ಅರಳಿರಲಿಲ್ಲ.

"ಮತ್ತೆ ಯಾಕೋ ಹೀಗೆ ಮಾಡಿದೆ? ನಿನ್ನ ತಲೆಗೆ ನೀನೇ ಕೊಲೆ ಕಟ್ಟಿಕೊಳ್ಳೋಕೆ ನಿನಗೇನು ಹುಚ್ಚಾ? ಅಮ್ಮ ಅಲ್ಲಿ ಊಟ ನೀರು ಬಿಟ್ಟು ಕೂತಿದ್ದಾಳೆ!"

"ನಾನು ಆಫೀಸಿಗೆ ಹೋಗೋ ಹೊತ್ತಿಗೆ ಆತ ಕುರ್ಚಿಯಲ್ಲೇ ಸತ್ತು ಹೋಗಿದ್ದ. ಚಾಕು ಎದೆಯಲ್ಲೇ ಇತ್ತು." ಅವನು ಒಂದೊಂದೇ ಮಾತನ್ನು ಎತ್ತಿ ಇಡುವವನಂತೆ ಹೇಳಿದ. "ನೋಡಿದ ಕೂಡಲೇ ಅದು ಯಾರ ಚಾಕು ಅಂತ ಗೊತ್ತಾಯ್ತು. ಕಿತ್ತು ತೆಗೆದು ಬಚ್ಚಿಟ್ಟೆ. ಚಾಕು ಹೋದ್ರೂ ಗಾಯ ಇರುತ್ತಲ್ಲ. ಗಾಯ ನೋಡಿ ಚಾಕು ಎಂಥದ್ದು ಅಂತ ಹೇಳ್ತಾರೆ ಅಂತ ನಿನ್ನಿಂದಲೇ ಕಲಿತಿದ್ದೆ. ಅದನ್ನ ಮುಚ್ಚಬೇಕಿತ್ತು. ಕಪಾಟಿನಲ್ಲಿದ್ದ ಕಠಾರಿ ಕಣ್ಣಿಗೆ ಬಿತ್ತು. ವಿಚಿತ್ರ ಆಯುಧ ಅಂದ್ರೆ ಪೊಲೀಸರು ಮೇಷ್ಟ್ರ ಹತ್ರ ಹೋಗ್ತಾರೆ, ಮೇಷ್ಟ್ರು ಅವರ ಚಿತ್ರವನ್ನ ಅವರೇ ನಂಬ್ತಾರೆ. ನಂಬಿದ್ರು ಕೂಡ. ಬಾಲ ಮಾತ್ರ ಕೈಯ ಹಳೇ ಅಭ್ಯಾಸಕ್ಕೆ ಬಲಕ್ಕೆ ತಿರುಗಿಬಿಟ್ಟಿತ್ತು. ನೀನು ಬಂದು ಎಲ್ಲ ಕೆಡಿಸಿದೆ."

"ಯಾರದು ಆ ಚಾಕು?"

ತಮ್ಮ ಅವಳನ್ನೇ ನೋಡಿದ. ಆ ನೋಟದಲ್ಲಿ ಅಕ್ಕರೆಯಿತ್ತು, ಭಯವೂ ಇತ್ತು. ಅಂಥ ನೋಟವನ್ನು ಅವಳು ಆಸ್ಪತ್ರೆಯ ವರಾಂಡದಲ್ಲಿ, ಕೆಟ್ಟ ಸುದ್ದಿ ಮೊದಲೇ ಗೊತ್ತಿದ್ದೂ ರೋಗಿಯಿಂದ ಮುಚ್ಚಿಟ್ಟವರ ಮುಖದಲ್ಲಿ ಮಾತ್ರ ಕಂಡಿದ್ದಳು.

"ನನ್ನ ಹತ್ರ ಯಾಕೆ ನಾಟಕ ಆಡ್ತೀಯ ಅಕ್ಕ? ಇಲ್ಲಿ ನಾವಿಬ್ಬರೇ ಇರೋದು."

"ಯಾವ ನಾಟಕ? ಯಾರದು ಹೇಳು!"

"ನಿನ್ನದು." ಅವನ ದನಿ ಪಿಸುಮಾತಿಗೆ ಇಳಿಯಿತು. "ನೀನು ಕೆಲಸಕ್ಕೆ ಸೇರಿದಾಗ ನಾನು ಮಾಡಿಕೊಟ್ಟದ್ದು. ಮುರಿದ ಖಡ್ಗದ ಹಿಡಿಯಿಂದ ಮರ ತೆಗೆದು ನಾನೇ ಕೈಯಾರೆ ಹಿಡಿ ಕೂರಿಸಿದ್ದು. ಅಂಥದ್ದು ಇನ್ನೊಂದು ಎಲ್ಲೂ ಇಲ್ಲ. ಹೋದ ವಾರ ನೀನು ಅವನ ಆಫೀಸಿಗೆ ನುಗ್ಗಿ, ನನ್ನ ತಮ್ಮನ್ನ ಕಳ್ಳ ಅಂದ್ರೆ ನಿನ್ನನ್ನ ಕೊಯ್ದು ಹಾಕ್ತೀನಿ ಅಂತ ಕಿರುಚಿದ್ದು ಅಂಗಳಕ್ಕೆಲ್ಲ ಕೇಳಿಸಿತ್ತು. ನೀನು ನನಗೋಸ್ಕರ ಅಷ್ಟು ಮಾಡಿದ ಮೇಲೆ, ನಾನು ನಿನಗೋಸ್ಕರ ಜೈಲಿಗೆ ಹೋಗಬಾರದಾ?"

ಡಾಕ್ಟರಮ್ಮನ ಕೈ ತಾನಾಗಿಯೇ ಮಡಿಲಲ್ಲಿದ್ದ ಚೀಲವನ್ನು ತಡಕಿತು. ಆ ಚಾಕು ಇರಬೇಕಾದದ್ದು ಆಸ್ಪತ್ರೆಯಲ್ಲಿ, ಅವಳ ಮೇಜಿನ ಕೆಳಗಿನ ಡ್ರಾಯರಿನಲ್ಲಿ. ಡ್ರಾಯರಿಗೆ ಬೀಗ. ಬೀಗದ ಕೈ ಚೀಲದಲ್ಲೇ ಇತ್ತು, ಬೆರಳಿಗೆ ತಣ್ಣಗೆ ಸಿಕ್ಕಿತು. ಅದನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

"ಬೈಯಲ್ಲ ನಾನು. ಯಾರಿಗೂ ಹೇಳಲ್ಲ," ಎಂದ ತಮ್ಮ. ಅವನ ಕಣ್ಣು ತುಂಬಿತ್ತು. "ಒಂದು ಸಲ ನಿಜ ಹೇಳು ಸಾಕು. ನೀನೇ ತಾನೇ ಅಕ್ಕ?"

ಅವಳು ಬಾಯಿ ತೆರೆದಳು. ಇಲ್ಲ ಎನ್ನುವ ಒಂದು ಮಾತು ಹೊರಡುವ ಮೊದಲೇ ತಮ್ಮನ ಕಣ್ಣು ಅವಳ ಭುಜದಾಚೆ ಹೋಗಿ ಅಲ್ಲೇ ನಿಂತಿತು.

ಟೈಪಿನ ಸದ್ದು ಯಾವಾಗಲೋ ನಿಂತುಹೋಗಿತ್ತು. ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದ. ಒಂದು ಕೈಯಲ್ಲಿ ಬಿಡುಗಡೆಯ ಕಾಗದ, ಇನ್ನೊಂದರಲ್ಲಿ ಅವಳ ಸಹಿಗೆಂದು ತಂದ ಪೆನ್ನು. ಅವನಲ್ಲಿ ಒಂದಿಷ್ಟೂ ಗಡಿಬಿಡಿ ಇರಲಿಲ್ಲ. ಕಾಗದವನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದ.

"ಡಾಕ್ಟ್ರೇ," ಎಂದ, "ಆ ಚಾಕು ಈಗ ಎಲ್ಲಿದೆ ಅಂತ ನೀವು ಹೇಳ್ತೀರೋ, ಅವನ ಕೈಲಿ ಹೇಳಿಸ್ತೀರೋ?"